ಬರ್ನೈಸ್ ಅವರ ಕಾಗದದ ಕಟ್ಟು

ಒಂದೇ ಲೇಖನಕ್ಕೆ ಎರಡು ಇಸವಿ. ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಬಂದ ಪುಸ್ತಕಗಳ ಹಿಂಬದಿಯ ಆಕರ ಪಟ್ಟಿ ತಿರುವಿದರೆ ಕೆಲವರು ‘ಹೋವರ್ಡ್ 1969’ ಎಂದು ಬರೆದಿರುತ್ತಾರೆ, ಇನ್ನು ಕೆಲವರು ‘ಹೋವರ್ಡ್ 1980’ ಎಂದು. ಲೇಖನದ ಹೆಸರು ಎರಡೂ ಕಡೆ ಅದೇ. ಮೊದಲ ಸಲ ಕಂಡಾಗ ಅಚ್ಚಿನ ತಪ್ಪು ಎಂದುಕೊಂಡು ಪುಟ ತಿರುವಿದೆ. ಮೂರನೆಯ ಪುಸ್ತಕದಲ್ಲೂ ನಾಲ್ಕನೆಯದರಲ್ಲೂ ಹಾಗೆಯೇ ಇದ್ದಾಗ ಸುಮ್ಮನಿರಲು ಆಗಲಿಲ್ಲ. ಹನ್ನೊಂದು ವರ್ಷ ಆ ಲೇಖನ ಎಲ್ಲಿತ್ತು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ 1980ರಿಂದ 1969ಕ್ಕೆ, ಅಲ್ಲಿಂದ 1958ಕ್ಕೆ, 1934ಕ್ಕೆ ಇಳಿಯುತ್ತ ಹೋದೆ. ಕೊನೆಗೆ ಬಂದು ನಿಂತದ್ದು ಜ್ಯೂರಿಕ್‌ನ ಒಂದು ಗ್ರಂಥಾಲಯದಲ್ಲಿರುವ ಕೈಬರಹದ ಕಟ್ಟಿನ ಮುಂದೆ.

ಲೇಖನದ ಸಾರ ಇಷ್ಟು: ತರ್ಕಶಾಸ್ತ್ರದಲ್ಲಿ ಬರೆಯುವ ಸಾಧನೆಯೂ ಕಂಪ್ಯೂಟರಿಗೆ ಬರೆಯುವ ಪ್ರೋಗ್ರಾಮೂ ಒಂದೇ. ಪ್ರೋಗ್ರಾಂ ಏನನ್ನು ತೆಗೆದುಕೊಂಡು ಏನನ್ನು ಕೊಡುತ್ತದೆ ಎಂಬ ಕರಾರಿಗೆ ಟೈಪ್ ಎನ್ನುತ್ತಾರಲ್ಲ, ಆ ಟೈಪ್‌ ಎಂದರೆ ತರ್ಕದಲ್ಲಿ ಸಾಧಿಸಬೇಕಾದ ಹೇಳಿಕೆ. ಸಾಧನೆಯನ್ನು ಸರಳ ಮಾಡುತ್ತ ಹೋಗುವುದೆಂದರೆ ಪ್ರೋಗ್ರಾಮನ್ನು ಓಡಿಸುವುದು. ಇದಕ್ಕೆ ಈಗ ಕರ್ರಿ–ಹೋವರ್ಡ್ ಸಂಬಂಧ ಎಂಬ ಹೆಸರಿದೆ.

ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಓದಿದವರಿಗೆ ನಾಲ್ಕು ಪದ ಮರೆತಿರಲಾರದು: ದತ್ತ, ಸಾಧನೀಯ, ರಚನೆ, ಸಾಧನೆ. ಪರೀಕ್ಷೆಯಲ್ಲಿ ಅವುಗಳನ್ನು ಒಂದರ ಕೆಳಗೊಂದು ಬರೆಯದಿದ್ದರೆ ಅಂಕ ಹೋಗುತ್ತಿತ್ತು. ರಚನೆ ಎಂದರೆ ಕೈವಾರ ಹಿಡಿದು ಏನನ್ನಾದರೂ ಮಾಡುವುದು, ಸಾಧನೆ ಎಂದರೆ ಬಾಯಲ್ಲಿ ವಾದಿಸುವುದು ಎಂದು ನಮ್ಮ ತಲೆಯಲ್ಲಿ ಬೇರೆ ಬೇರೆಯಾಗಿ ಕೂತಿತ್ತು. ಹೋವರ್ಡ್ ಅವರ ಲೇಖನದ ಹೆಸರಿನಲ್ಲೇ ‘ರಚನೆ’ ಎಂಬ ಮಾತಿದೆ. ಸೂತ್ರಗಳನ್ನು ಟೈಪ್‌ಗಳೆಂದು ಕಾಣುವ ರಚನೆಯ ಕಲ್ಪನೆ ಎಂದು ಅದನ್ನು ಕನ್ನಡಿಸಬಹುದು. ಸಾಧನೆಯೇ ಒಂದು ರಚನೆ ಎಂಬುದು ಅದರ ಒಳಮಾತು.

ಒಂದು ಚಿಕ್ಕ ಲೆಕ್ಕದಲ್ಲೇ ಇದನ್ನು ಕಾಣಬಹುದು. ಸಮಸಂಖ್ಯೆಯ ವರ್ಗವೂ ಸಮಸಂಖ್ಯೆ ಎಂದು ಸಾಧಿಸಬೇಕು. ಒಂದು ಸಂಖ್ಯೆ ಸಮ ಎಂದರೆ ಅದು ಯಾವುದೋ ಒಂದು ಸಂಖ್ಯೆಯ ಎರಡರಷ್ಟು. ಆ ‘ಯಾವುದೋ’ ಸಂಖ್ಯೆಯನ್ನು ಕ ಎನ್ನೋಣ. ಆಗ ವರ್ಗವು 4ಕ², ಅಂದರೆ 2ಕ² ಎಂಬುದರ ಎರಡರಷ್ಟು. ಸಾಧನೆ ಮುಗಿಯಿತು. ಈಗ ಅದನ್ನೇ ಇನ್ನೊಂದು ಕಣ್ಣಿನಿಂದ ನೋಡಿ. ಇಲ್ಲಿ ಒಂದು ಯಂತ್ರವಿದೆ. ಅದಕ್ಕೆ ಕ ಕೊಟ್ಟರೆ 2ಕ² ಕೊಡುತ್ತದೆ. 14 ಸಮಸಂಖ್ಯೆ ಎನ್ನುವುದಕ್ಕೆ ಸಾಕ್ಷಿ 7. ಆ 7ನ್ನು ಯಂತ್ರದೊಳಗೆ ಹಾಕಿದರೆ 98 ಹೊರಬರುತ್ತದೆ. 14ರ ವರ್ಗ 196 ಸಮಸಂಖ್ಯೆ ಎನ್ನುವುದಕ್ಕೆ ಸಾಕ್ಷಿ ಆ 98. ‘ಇದು ಇದ್ದರೆ ಅದು ಇದೆ’ ಎಂಬ ಹೇಳಿಕೆಯ ಸಾಧನೆಯೆಂದರೆ, ಇದರ ಸಾಕ್ಷಿಯನ್ನು ತೆಗೆದುಕೊಂಡು ಅದರ ಸಾಕ್ಷಿಯನ್ನು ಕೈಗಿಡುವ ಒಂದು ವಿಧಾನ. ಹಾಲೆಂಡಿನ ಹೇಟಿಂಗ್, ರಷ್ಯದ ಕೊಲ್ಮೊಗೊರೊವ್ 1930ರ ಸುಮಾರಿಗೆ ತಮ್ಮ ತಮ್ಮ ರೀತಿಯಲ್ಲಿ ಈ ಮಾತನ್ನು ಹೇಳಿದ್ದರು. ಕೊಲ್ಮೊಗೊರೊವ್ ಅಂತೂ 1932ರಲ್ಲಿ ಹೇಳಿಕೆಗಳನ್ನು ಬಿಡಿಸಬೇಕಾದ ಸಮಸ್ಯೆಗಳೆಂದೇ ಕರೆದರು.

ಇಸವಿಯ ಗಂಟು ಬಿಚ್ಚಿದ್ದು 1980ರ ಸಂಪುಟ ಕೈಗೆ ಬಂದ ಮೇಲೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರ್ರಿ ಅವರಿಗೆ ಎಂಬತ್ತು ತುಂಬಿದ ವರ್ಷದಲ್ಲಿ ಸೆಲ್ಡಿನ್ ಮತ್ತು ಹಿಂಡ್ಲಿ ಸಂಪಾದಿಸಿದ ಅಭಿನಂದನ ಗ್ರಂಥ ಅದು. ಅದರ 479ನೇ ಪುಟದಲ್ಲಿ ವಿಲಿಯಂ ಹೋವರ್ಡ್ ಅವರ ಲೇಖನ ಶುರುವಾಗುತ್ತದೆ, 490ಕ್ಕೆ ಮುಗಿಯುತ್ತದೆ. ಒಟ್ಟು ಹನ್ನೆರಡು ಪುಟ. ಶುರುವಿನಲ್ಲೇ ಹೋವರ್ಡ್ ವಿಷಯ ಹೇಳಿಬಿಡುತ್ತಾರೆ: ಇವು 1969ರಲ್ಲಿ ಖಾಸಗಿಯಾಗಿ ಹಂಚಿದ ಟಿಪ್ಪಣಿಗಳು, ಅಲ್ಲಲ್ಲಿ ಇವುಗಳ ಉಲ್ಲೇಖ ಬಂದಿರುವುದರಿಂದ ಅಚ್ಚು ಮಾಡಿಸುವುದು ಒಳ್ಳೆಯದೆನಿಸಿತು ಎಂದು. ಹನ್ನೊಂದು ವರ್ಷ ಆ ಲೇಖನ ಝೆರಾಕ್ಸ್ ಪ್ರತಿಗಳಾಗಿ ಕೈಯಿಂದ ಕೈಗೆ ಓಡಾಡಿತ್ತು. ಶಿಕಾಗೊದಲ್ಲಿದ್ದ ಹೋವರ್ಡ್ ಅದನ್ನು ಪತ್ರಿಕೆಗೆ ಕಳಿಸದೆಯೇ ಒಂದು ಶಾಸ್ತ್ರ ಅದರ ಮೇಲೆ ಬೆಳೆಯತೊಡಗಿತ್ತು.

ನನ್ನ ಹುಡುಕಾಟ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡದಿದ್ದದ್ದು ಅದೇ ಪುಟದಲ್ಲಿ ಹೋವರ್ಡ್ ಬಹಳ ಪ್ರಾಮಾಣಿಕವಾಗಿ ಸಲ್ಲಿಸಿದ ಋಣ. ಈ ಕೆಲಸಕ್ಕೆ ಅರ್ಧ ಪ್ರೇರಣೆ ಕರ್ರಿ ಅವರು ಗಮನಿಸಿದ ಒಂದು ಹೋಲಿಕೆಯಿಂದ ಬಂತು, ಉಳಿದರ್ಧ ವಿಲಿಯಂ ಟೇಟ್ 1965ರಲ್ಲಿ ಕಂಡುಕೊಂಡದ್ದರಿಂದ ಬಂತು ಎನ್ನುತ್ತಾರೆ. ಅರ್ಧ ಮತ್ತು ಅರ್ಧ. ಪ್ರಚಾರದಲ್ಲಿರುವ ಹೆಸರಿನಲ್ಲಿ ಮೊದಲರ್ಧ ಮಾತ್ರ ಉಳಿದಿದೆ. ಎರಡನೆಯ ಅರ್ಧ ಯಾರದು, ಎಲ್ಲಿಂದ ಬಂತು ಎಂದು ನೋಡಲೇಬೇಕಾಯಿತು.

ಮೊದಲು ಕರ್ರಿ ಅವರ ದಾರಿ. 1958ರಲ್ಲಿ ಅವರು ಬೆಲ್ಜಿಯಂನ ರಾಬರ್ಟ್ ಫೇಸ್ ಜೊತೆ ಬರೆದ ‘ಕಾಂಬಿನೇಟರಿ ಲಾಜಿಕ್’ ಎಂಬ ದಪ್ಪ ಪುಸ್ತಕದ ಒಂಬತ್ತನೇ ಅಧ್ಯಾಯದಲ್ಲಿ ನಾಲ್ಕಾರು ಪುಟದ ಒಂದು ವಿಭಾಗ ಈ ಹೋಲಿಕೆಗೇ ಮೀಸಲು. ಆದರೆ ಅದರ ಬೇರು ಇನ್ನೂ ಹಿಂದಿನದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡವಳಿಗಳ 1934ರ ಸಂಪುಟದಲ್ಲಿ ಕರ್ರಿ ಅವರ ಏಳು ಪುಟದ ಲೇಖನವೊಂದಿದೆ. ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಕೊಡುವ ಯಂತ್ರಗಳಿಗೆ, ಅಂದರೆ ಫಂಕ್ಷನ್ನುಗಳಿಗೆ, ಅವರು ‘ಎಫ್’ ಎಂಬ ಅಕ್ಷರ ಬಳಸುತ್ತಾರೆ, ‘ಇದ್ದರೆ’ ಎಂಬ ತರ್ಕದ ಸಂಬಂಧಕ್ಕೆ ‘ಪಿ’. ಎಫ್ ಇರುವಲ್ಲಿ ಪಿ ಹಾಕಿ, ಫಂಕ್ಷನ್ನಿನ ಹೆಸರನ್ನು ಬಿಟ್ಟುಬಿಟ್ಟರೆ ತರ್ಕದ ನಿಯಮ ಸಿಗುತ್ತದೆ ಎಂದು ದಾರಿಯಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅಷ್ಟೇ. ಇಡೀ ಸಂಬಂಧದ ಮೊದಲ ದಾಖಲೆ ಈ ಒಂದು ಮಾತು.

ಆ ಮಾತಿನ ತೂಕ ತಿಳಿಯಬೇಕಾದರೆ ಫಂಕ್ಷನ್ನುಗಳನ್ನು ಹತ್ತಿರದಿಂದ ನೋಡಬೇಕು. 1920ರ ಡಿಸೆಂಬರ್ 7ರಂದು ಜರ್ಮನಿಯ ಗೋಟಿಂಗೆನ್‌ನಲ್ಲಿ ಮೋಸೆಸ್ ಶೋನ್‌ಫಿಂಕೆಲ್ ಒಂದು ಉಪನ್ಯಾಸ ಕೊಟ್ಟರು. 1924ರಲ್ಲಿ ಅದು ಲೇಖನವಾಗಿ ಬಂತು. ತರ್ಕಕ್ಕೆ ಬೇಕಾದ ಎಲ್ಲವನ್ನೂ ಕೆಲವೇ ಮೂಲ ಇಟ್ಟಿಗೆಗಳಿಂದ ಕಟ್ಟಬಹುದು ಎಂಬುದು ಅವರ ವಾದ. ಅವುಗಳಲ್ಲಿ ಮುಖ್ಯವಾದ ಎರಡಕ್ಕೆ ಇಂದು ‘ಕೆ’, ‘ಎಸ್’ ಎಂಬ ಹೆಸರು. ಕೆ ಎಂಬುದು ಎರಡು ವಸ್ತು ತೆಗೆದುಕೊಂಡು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಡುತ್ತದೆ. ಬಾಣದ ಎಡಗಡೆಯದನ್ನು ತೆಗೆದುಕೊಂಡು ಬಲಗಡೆಯದನ್ನು ಕೊಡುತ್ತದೆ ಎಂದು ಓದಿಕೊಂಡರೆ ಅದರ ಟೈಪ್ ಹೀಗೆ: ಅ → (ಬ → ಅ). ಎಸ್ ಒಂದೇ ವಸ್ತುವನ್ನು ಎರಡು ಕಡೆ ಹಂಚಿ, ಬಂದ ಫಲಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಅದರ ಟೈಪ್: (ಅ → (ಬ → ಚ)) → ((ಅ → ಬ) → (ಅ → ಚ)).

ಇವನ್ನು ಕಾಗದದ ಮೇಲೆ ಬರೆದುಕೊಂಡು 1879ರಲ್ಲಿ ಗಾಟ್ಲೋಬ್ ಫ್ರೆಗೆ ಹೊರತಂದ ಪುಸ್ತಕದ ಪಕ್ಕದಲ್ಲಿಟ್ಟಾಗ ನನ್ನ ಕೈ ನಿಂತುಹೋಯಿತು. ಆಧುನಿಕ ತರ್ಕಶಾಸ್ತ್ರ ಶುರುವಾದದ್ದೇ ಆ ಪುಸ್ತಕದಿಂದ. ಬಾಣವನ್ನು ‘ಇದ್ದರೆ’ ಎಂದು ಓದಿದರೆ ಅದರ ಮೊದಲ ಎರಡು ಸ್ವಯಂಸಿದ್ಧಗಳು ಅಕ್ಷರಶಃ ಇವೇ. ಫ್ರೆಗೆ ಸತ್ಯದ ನಿಯಮ ಬರೆಯುತ್ತಿದ್ದರು, ಶೋನ್‌ಫಿಂಕೆಲ್ ಫಂಕ್ಷನ್ನುಗಳ ಇಟ್ಟಿಗೆ ಹುಡುಕುತ್ತಿದ್ದರು. ಇಬ್ಬರ ನಡುವೆ ನಲವತ್ತು ವರ್ಷಗಳ ಅಂತರ. ಪುಟದ ಮೇಲೆ ಬಂದು ಕೂತದ್ದು ಒಂದೇ ಆಕಾರ.

ಪ್ರಿನ್ಸ್‌ಟನ್‌ನಲ್ಲಿ ಪಾಠ ಹೇಳುತ್ತಿದ್ದ ಕರ್ರಿ 1927ರಲ್ಲಿ ಶೋನ್‌ಫಿಂಕೆಲ್ ಅವರ ಲೇಖನವನ್ನು ಕಂಡರು. ಅವರು ಆಗಲೇ ಅಂಥದ್ದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದರು. ಇದನ್ನು ಕಲಿಯಬೇಕಾದರೆ ಗೋಟಿಂಗೆನ್‌ಗೇ ಹೋಗಬೇಕೆಂದು 1928ರಲ್ಲಿ ಹೊರಟರು. ಪಿಎಚ್.ಡಿ. ಪ್ರಬಂಧದ ಮೇಲೆ ಮಾರ್ಗದರ್ಶಕರೆಂದು ಡೇವಿಡ್ ಹಿಲ್ಬರ್ಟ್ ಅವರ ಹೆಸರಿದೆ. ದಿನನಿತ್ಯ ಕೂತು ಕೆಲಸ ಮಾಡಿಸಿದವರು ಹಿಲ್ಬರ್ಟ್ ಅವರ ಸಹಾಯಕ ಪೌಲ್ ಬರ್ನೈಸ್. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ನಾನು ಮೊದಲ ಸಲ ಓದಿದಾಗ ಇದನ್ನು ಗುರುತು ಹಾಕಿಕೊಳ್ಳಲಿಲ್ಲ. ಆಮೇಲೆ ಹಿಂದಕ್ಕೆ ಬಂದು ಕೆಂಪು ಗೆರೆ ಎಳೆದೆ.

ಅದೇ ಕಾಲದಲ್ಲಿ ಗೋಟಿಂಗೆನ್‌ಗೆ ಬಂದು ಹೋದ ಇನ್ನೊಬ್ಬ ಅಮೆರಿಕನ್ ಅಲೊಂಜೊ ಚರ್ಚ್. ಅವರು 1932ರಲ್ಲಿ ಪ್ರಕಟಿಸಿದ ಲ್ಯಾಂಬ್ಡಾ ಲೆಕ್ಕ ಇಂದು ಗಣನೆಯ ಮುಖ್ಯ ಮಾದರಿಗಳಲ್ಲಿ ಒಂದು. ಆದರೆ ಚರ್ಚ್ ಹೊರಟದ್ದು ಗಣನೆಯ ಮಾದರಿ ಕಟ್ಟಲು ಅಲ್ಲವೇ ಅಲ್ಲ. ಇಡೀ ಗಣಿತಕ್ಕೆ ತಳಪಾಯವಾಗುವ ಹೊಸ ತರ್ಕವೊಂದನ್ನು ಕಟ್ಟಲು ಹೊರಟಿದ್ದರು. ಅವರ ಶಿಷ್ಯರಾದ ಕ್ಲೀನಿ ಮತ್ತು ರಾಸರ್ 1935ರಲ್ಲಿ ಆ ತರ್ಕದೊಳಗೆ ವೈರುಧ್ಯ ತೋರಿಸಿದರು. ಅದರಲ್ಲಿ ಯಾವ ಸುಳ್ಳನ್ನು ಬೇಕಾದರೂ ಸಾಧಿಸಬಹುದಿತ್ತು. ಚರ್ಚ್ ತರ್ಕದ ಭಾಗವನ್ನು ಬಿಟ್ಟುಕೊಟ್ಟು ಫಂಕ್ಷನ್ನುಗಳ ಭಾಗವನ್ನಷ್ಟೇ ಉಳಿಸಿಕೊಂಡರು. 1936ರಲ್ಲಿ ಅದನ್ನೇ ಬಳಸಿ, ಯಾವ ಯಾಂತ್ರಿಕ ವಿಧಾನಕ್ಕೂ ಬಗ್ಗದ ಪ್ರಶ್ನೆಗಳಿವೆ ಎಂದು ತೋರಿಸಿದರು. ಅದೇ ವರ್ಷ ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಪಟ್ಟಿಯ ಮೇಲೆ ಒಂದೊಂದೇ ಗುರುತು ಓದಿ ಬರೆಯುವ ತಮ್ಮ ಯಂತ್ರದ ಕಲ್ಪನೆಯಿಂದ ಅದೇ ತೀರ್ಮಾನಕ್ಕೆ ಬಂದರು. ಚರ್ಚ್ ಅವರ ಲೆಕ್ಕ ಮಾಡಬಲ್ಲದ್ದನ್ನೆಲ್ಲ ತಮ್ಮ ಯಂತ್ರವೂ ಮಾಡುತ್ತದೆ, ತಮ್ಮ ಯಂತ್ರ ಮಾಡಬಲ್ಲದ್ದನ್ನು ಆ ಲೆಕ್ಕವೂ ಮಾಡುತ್ತದೆ ಎಂದು ಟ್ಯೂರಿಂಗ್ ಅವರೇ ತೋರಿಸಿಕೊಟ್ಟರು.

ತರ್ಕವಾಗಿ ಕುಸಿದದ್ದು ಗಣನೆಯಾಗಿ ನಿಂತದ್ದು ಹೇಗೆ? ಇದರಲ್ಲೇ ಇಡೀ ಸಂಬಂಧದ ಮರ್ಮವಿದೆ ಎಂದು ನನಗೆ ತೋರುತ್ತದೆ. ಚರ್ಚ್ ಅವರ ಮೊದಲ ಲೆಕ್ಕದಲ್ಲಿ ಫಂಕ್ಷನ್ ತನಗೆ ತಾನೇ ಅನ್ವಯವಾಗಬಹುದಿತ್ತು, ಹಾಗಾಗಿ ಎಂದೂ ನಿಲ್ಲದ ಪ್ರೋಗ್ರಾಂ ಬರೆಯಬಹುದಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದದ್ದು ಹಲವರಿಗೆ ನೆನಪಿರಬಹುದು. ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ಹಿಂದಿರುಗಬೇಕು, ಮರುದಿನ ಬಂದಾಗಲೂ ಅದೇ ಬರಹ. ನಿಲ್ಲದ ಪ್ರೋಗ್ರಾಂ ಆ ಬರಹದಂತೆ. ಏನು ಬೇಕಾದರೂ ಕೊಡುತ್ತೇನೆ ಎಂದು ಮಾತು ಕೊಡಬಹುದು, ಯಾಕೆಂದರೆ ಕೊಡುವ ದಿನವೇ ಬರುವುದಿಲ್ಲ. ಚಿನ್ನ ಕೊಡುತ್ತೇನೆ ಎಂಬ ಟೈಪ್ ಅದಕ್ಕೆ ಹಚ್ಚಿದರೂ ಸುಳ್ಳೆಂದು ಹಿಡಿಯಲು ಆಗದು. ಯಂತ್ರಕ್ಕೆ ಈ ಸ್ವಾತಂತ್ರ್ಯ ಬೇಕು, ಇಲ್ಲದಿದ್ದರೆ ಎಲ್ಲ ಲೆಕ್ಕವನ್ನೂ ಮಾಡುವ ಶಕ್ತಿ ಅದಕ್ಕೆ ಬರುವುದಿಲ್ಲ. ತರ್ಕಕ್ಕೆ ಈ ಸ್ವಾತಂತ್ರ್ಯವೇ ವಿಷ, ಯಾಕೆಂದರೆ ಎಂದೂ ಬಾರದ ಸಾಕ್ಷಿಯನ್ನು ಸಾಕ್ಷಿ ಎಂದು ಒಪ್ಪಿದರೆ ಎಲ್ಲ ಸುಳ್ಳೂ ಪ್ರಮೇಯವಾಗುತ್ತದೆ. 1940ರಲ್ಲಿ ಚರ್ಚ್ ಪ್ರತಿ ಫಂಕ್ಷನ್ನಿಗೂ ಟೈಪ್ ಕಟ್ಟಿದಾಗ ತನಗೆ ತಾನೇ ಅನ್ವಯವಾಗುವ ದಾರಿ ಮುಚ್ಚಿತು. ಶಕ್ತಿ ಕಡಿಮೆಯಾಯಿತು, ನಂಬಿಕೆ ಮರಳಿ ಬಂತು.

ಇನ್ನು ಎರಡನೆಯ ಅರ್ಧ. ಸಾಧನೆ ಸರಳವಾಗುವುದಕ್ಕೂ ಲ್ಯಾಂಬ್ಡಾ ಲೆಕ್ಕ ನಡೆಯುವುದಕ್ಕೂ ಟೇಟ್ ಕಂಡ ಹೋಲಿಕೆಯಿಂದ ಹಿಂದಕ್ಕೆ ಹೋದರೆ ಸಿಗುವ ಹೆಸರು ಗೆರ್ಹಾರ್ಡ್ ಗೆಂಟ್ಸೆನ್. 1909ರಲ್ಲಿ ಹುಟ್ಟಿದವರು. ಗಣಿತಜ್ಞರು ನಿಜವಾಗಿ ಹೇಗೆ ವಾದಿಸುತ್ತಾರೋ ಅದಕ್ಕೆ ಆದಷ್ಟು ಹತ್ತಿರವಾದ ನಿಯಮಗಳನ್ನು ಕಟ್ಟಬೇಕೆಂದು ಗೋಟಿಂಗೆನ್‌ನಲ್ಲಿ ಪಿಎಚ್.ಡಿ.ಗೆ ಕೂತರು. ಪ್ರಬಂಧ ಎರಡು ಭಾಗವಾಗಿ ‘ಮಾಥೆಮಾಟಿಷೆ ಝೈಟ್‌ಶ್ರಿಫ್ಟ್’ ಪತ್ರಿಕೆಯ 39ನೇ ಸಂಪುಟದಲ್ಲಿ 1934–35ರಲ್ಲಿ ಪ್ರಕಟವಾಯಿತು. ಕರ್ರಿ ಅವರ ಏಳು ಪುಟ ಬಂದ ಹೊತ್ತೇ ಅದು. ಸಹಜ ನಿಗಮನ ಎಂಬ ಪದ್ಧತಿ ಹುಟ್ಟಿದ್ದು ಅಲ್ಲಿ.

ಆ ಪದ್ಧತಿಯಲ್ಲಿ ಪ್ರತಿ ತರ್ಕಪದಕ್ಕೂ ಎರಡು ಬಗೆಯ ನಿಯಮ: ಒಳಗೆ ತರುವುದು, ಹೊರಗೆ ತೆಗೆಯುವುದು. ‘ಅ ಇದ್ದರೆ ಬ’ ಎಂಬುದನ್ನು ತರಬೇಕಾದರೆ, ಅ ಇದೆ ಎಂದು ತಾತ್ಕಾಲಿಕವಾಗಿ ಹಿಡಿದು ಬ ತನಕ ನಡೆಯಬೇಕು, ಆಮೇಲೆ ಹಿಡಿದದ್ದನ್ನು ಕೆಳಗಿಡಬೇಕು. ತೆಗೆಯಬೇಕಾದರೆ ‘ಅ ಇದ್ದರೆ ಬ’ ಮತ್ತು ‘ಅ’ ಎರಡೂ ಕೈಯಲ್ಲಿರಬೇಕು, ಆಗ ಬ ಸಿಗುತ್ತದೆ. ಇವೆರಡು ಒಂದರ ಹಿಂದೆ ಒಂದು ಬಂದರೆ ಅದು ಸುತ್ತುದಾರಿ. ನಮ್ಮ ಸಮಸಂಖ್ಯೆಯನ್ನೇ ತೆಗೆದುಕೊಳ್ಳಿ. ಎಲ್ಲ ಸಮಸಂಖ್ಯೆಗೂ ಅನ್ವಯಿಸುವ ಸಾಧನೆ ಬರೆದು, ಮರುಗಳಿಗೆಯೇ ಅದನ್ನು 14ಕ್ಕೆ ಬಳಸಿದರೆ ಊರೆಲ್ಲ ಸುತ್ತಿ ಪಕ್ಕದ ಮನೆಗೆ ಬಂದಂತೆ. ಸಾಧನೆಯಲ್ಲಿ ಕ ಇರುವಲ್ಲೆಲ್ಲ 7 ಹಾಕಿ ನೇರವಾಗಿ 98ಕ್ಕೆ ಬರಬಹುದು. ಹೀಗೆ ಎಲ್ಲ ಸುತ್ತುದಾರಿಗಳನ್ನೂ ಕಿತ್ತುಹಾಕಲು ಸಾಧ್ಯ ಎಂಬುದು ಗೆಂಟ್ಸೆನ್ ಸಾಧಿಸಬೇಕೆಂದುಕೊಂಡದ್ದು.

‘ಕ ಇರುವಲ್ಲೆಲ್ಲ 7 ಹಾಕು’. ಪ್ರೋಗ್ರಾಂ ಬರೆಯುವ ಯಾರನ್ನಾದರೂ ಕೇಳಿ, ಫಂಕ್ಷನ್ ಕರೆದಾಗ ಏನಾಗುತ್ತದೆ ಎಂದು. ಇದೇ ಉತ್ತರ ಬರುತ್ತದೆ. ಚರ್ಚ್ ಅವರ ಲೆಕ್ಕದಲ್ಲಿ ಇರುವುದು ಇದೊಂದೇ ಹೆಜ್ಜೆ. ಕರ್ರಿ ಕಂಡದ್ದು ಆಕಾರದ ಹೋಲಿಕೆ, ನಿಂತ ನೀರಿನಲ್ಲಿ ಕಂಡ ಪ್ರತಿಬಿಂಬದ ಹಾಗೆ. ಗೆಂಟ್ಸೆನ್ ಅವರ ದಾರಿಯಲ್ಲಿರುವುದು ಚಲನೆ. ಸಾಧನೆ ಕದಲುತ್ತದೆ, ಹೆಜ್ಜೆ ಹೆಜ್ಜೆಯಾಗಿ ಸರಳವಾಗುತ್ತದೆ, ಆ ಹೆಜ್ಜೆಗಳೇ ಗಣನೆ. ಆಕಾರ ಹೋಲುವುದು ಆಕಸ್ಮಿಕ ಇರಬಹುದು ಎಂದು ಯಾರಾದರೂ ವಾದಿಸಬಹುದಿತ್ತು. ನಡಿಗೆಯೂ ಹೋಲಿದ ಮೇಲೆ ಆ ವಾದ ನಿಲ್ಲುವುದಿಲ್ಲ. ಆದ್ದರಿಂದ ಹೋವರ್ಡ್ ಹೇಳಿದ ಎರಡು ಅರ್ಧಗಳಲ್ಲಿ ಎರಡನೆಯದೇ ಹೆಚ್ಚು ತೂಕದ್ದು ಎಂಬುದು ನನ್ನ ಅಭಿಪ್ರಾಯ.

ಆದರೆ ಅಚ್ಚಾದ ಪ್ರಬಂಧದಲ್ಲಿ ಗೆಂಟ್ಸೆನ್ ಆ ಸಾಧನೆಯನ್ನು ಕೊಡುವುದಿಲ್ಲ. ಸಾಕ್ಷಿ ಕೈಗಿಡುವ ತರ್ಕಕ್ಕೂ ಹಳೆಯ ತರ್ಕಕ್ಕೂ ಒಟ್ಟಿಗೆ ಹೊಂದುವಂತೆ ಸೀಕ್ವೆಂಟ್ ಎಂಬ ಇನ್ನೊಂದು ಪದ್ಧತಿ ಕಟ್ಟಿ, ಅದರಲ್ಲಿ ‘ಕಟ್’ ಎಂಬ ನಿಯಮವನ್ನು ತೆಗೆದುಹಾಕಬಹುದೆಂದು ತೋರಿಸಿದರು. ಸಹಜ ನಿಗಮನದಲ್ಲೇ ಸುತ್ತುದಾರಿ ಕಿತ್ತುಹಾಕುವ ಸಾಧನೆ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. 1965ರಲ್ಲಿ ಸ್ವೀಡನ್ನಿನ ಡಾಗ್ ಪ್ರಾವಿಟ್ಸ್ ಅದನ್ನು ಕೊಟ್ಟರು. ಅದೇ ವರ್ಷ ಆಂಡ್ರೆಸ್ ರಾಜಿಯೊ ಕೂಡ ಬೇರೆಯೇ ಒಂದು ಸಾಧನೆ ಕೊಟ್ಟರು. ಪಠ್ಯಪುಸ್ತಕಗಳು ಹೇಳುತ್ತ ಬಂದ ಕಥೆ ಇದು. ನಾನೂ ಇದನ್ನೇ ನಂಬಿದ್ದೆ.

2008ರ ‘ಬುಲೆಟಿನ್ ಆಫ್ ಸಿಂಬಾಲಿಕ್ ಲಾಜಿಕ್’ ಪತ್ರಿಕೆಯಲ್ಲಿ ಫಿನ್ಲೆಂಡಿನ ಯಾನ್ ಫಾನ್ ಪ್ಲಾಟೊ ಬರೆದ ಲೇಖನ ಓದಿದಾಗ ಆ ಕಥೆ ತಿರುವುಮುರುವಾಯಿತು. 2005ರ ಫೆಬ್ರುವರಿಯಲ್ಲಿ ಅವರಿಗೆ ಗೆಂಟ್ಸೆನ್ ಪ್ರಬಂಧದ ಮೊದಲ ಕೈಬರಹದ ರೂಪ ಸಿಕ್ಕಿತು. ಹೆಸರು ಅಚ್ಚಾದ ಪ್ರಬಂಧದ್ದೇ, ಒಳಗಿನ ವಿಷಯ ಬಹಳ ಬೇರೆ. ಅದರಲ್ಲಿ ಸಹಜ ನಿಗಮನದ ಸುತ್ತುದಾರಿಗಳನ್ನೆಲ್ಲ ತೆಗೆಯಬಹುದು ಎಂಬ ಸಾಧನೆ ವಿವರವಾಗಿ, ಪೂರ್ತಿಯಾಗಿ ಇತ್ತು. 1965ರಲ್ಲಿ ಜಗತ್ತು ಹೊಸದೆಂದು ಕಲಿತದ್ದನ್ನು ಇನ್ನೂ ಇಪ್ಪತ್ತನಾಲ್ಕು ತುಂಬದ ವಿದ್ಯಾರ್ಥಿಯೊಬ್ಬರು ಮೂರು ದಶಕ ಮೊದಲೇ ಬರೆದಿಟ್ಟಿದ್ದರು.

ಆ ಕಟ್ಟು ಸಿಕ್ಕಿದ್ದು ಎಲ್ಲಿ? ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಪೌಲ್ ಬರ್ನೈಸ್ ಅವರ ಕಾಗದಪತ್ರಗಳ ನಡುವೆ.

ಬರ್ನೈಸ್! ಕರ್ರಿ ಅವರಿಗೆ ಪಾಠ ಹೇಳಿದ ಅದೇ ಬರ್ನೈಸ್. ಗೆಂಟ್ಸೆನ್ ಪಿಎಚ್.ಡಿ.ಗೆ ಕೂತದ್ದೂ ಅವರ ಕೈಕೆಳಗೇ. ಕರ್ರಿ ಅಮೆರಿಕಕ್ಕೆ ಮರಳಿ ಮೂರು ನಾಲ್ಕು ವರ್ಷಗಳೊಳಗೆ ಅದೇ ಗುರುವಿನ ಮುಂದೆ ಗೆಂಟ್ಸೆನ್ ಬಂದು ಕೂತಿದ್ದರು. ಸಂಬಂಧದ ಎರಡೂ ಅರ್ಧಗಳು ಒಬ್ಬರೇ ಮೇಷ್ಟ್ರ ಮೇಜಿನ ಮೇಲೆ ಹಾದುಹೋಗಿದ್ದವು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಬೆನ್ನಲ್ಲೇ ಯಹೂದಿ ಎಂಬ ಕಾರಣಕ್ಕೆ ಬರ್ನೈಸ್ ಅವರನ್ನು ಕೆಲಸದಿಂದ ತೆಗೆದರು. ಗೆಂಟ್ಸೆನ್ ಅವರಿಗೆ ಕಾಗದದ ಮೇಲೆ ಹರ್ಮನ್ ವೈಲ್ ಮಾರ್ಗದರ್ಶಕರಾದರು, ಅವರೂ ಅದೇ ವರ್ಷ ಜರ್ಮನಿ ಬಿಟ್ಟರು. ಬರ್ನೈಸ್ ಜ್ಯೂರಿಕ್‌ಗೆ ಹೋದರು. ಶಿಷ್ಯನ ಕೈಬರಹ ಅವರ ಕಾಗದಗಳ ಜೊತೆ ಉಳಿಯಿತು.

ಶಿಷ್ಯನ ವಿಷಯವನ್ನು ಮುಚ್ಚಿಡಬಾರದು. ಗುರುವನ್ನು ಹೊರಹಾಕಿದ ಅದೇ ಆಡಳಿತದ ಎಸ್‌ಎ ದಳಕ್ಕೆ ಗೆಂಟ್ಸೆನ್ 1933ರಲ್ಲೇ ಸೇರಿದರು, 1937ರಲ್ಲಿ ನಾಜಿ ಪಕ್ಷದ ಸದಸ್ಯರಾದರು. ಹಾಗಿದ್ದೂ ಬರ್ನೈಸ್ ಜೊತೆ ಪತ್ರವ್ಯವಹಾರ ನಡೆಸಿದರು. ಯುದ್ಧದ ಕೊನೆಯ ವರ್ಷಗಳಲ್ಲಿ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಯುದ್ಧ ಮುಗಿದಾಗ ಅಲ್ಲೇ ಸೆರೆ ಸಿಕ್ಕಿ, 1945ರ ಆಗಸ್ಟ್ 4ರಂದು ಅನ್ನವಿಲ್ಲದೆ ತೀರಿಕೊಂಡರು. ಮೂವತ್ತಾರು ತುಂಬಿರಲಿಲ್ಲ. ಆ ಬುದ್ಧಿಯನ್ನು ಮೆಚ್ಚುವಾಗ ಆ ಸದಸ್ಯತ್ವವೂ ನನ್ನ ಕಣ್ಣ ಮುಂದೆ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯಲು ನನಗೆ ಬರುವುದಿಲ್ಲ.

ಜ್ಯೂರಿಕ್ ಕಟ್ಟಿನ ವಿಷಯ ತಿಳಿದ ಮೇಲೆ 1980ರ ಅಭಿನಂದನ ಗ್ರಂಥವನ್ನು ಮತ್ತೆ ತೆರೆದೆ. ಮೊದಲ ಸಲ ಅವಸರದಲ್ಲಿ ದಾಟಿಹೋಗಿದ್ದ 453ನೇ ಪುಟದಲ್ಲಿ, ಹೋವರ್ಡ್ ಲೇಖನಕ್ಕಿಂತ ಸ್ವಲ್ಪವೇ ಹಿಂದೆ, ಮೂರು ಪುಟದ ಇನ್ನೊಂದು ಬರಹವಿದೆ. ಬರೆದವರು ಟ್ಯೂರಿಂಗ್ ಅವರ ಶಿಷ್ಯ ರಾಬಿನ್ ಗ್ಯಾಂಡಿ. 1954ರಲ್ಲಿ ತೀರಿಕೊಂಡ ಟ್ಯೂರಿಂಗ್ ಬಿಟ್ಟುಹೋದ ಕಾಗದಗಳಲ್ಲಿ ಸಿಕ್ಕ ಒಂದು ಟಿಪ್ಪಣಿಯನ್ನು ಅವರು ಅಲ್ಲಿ ಬೆಳಕಿಗೆ ತಂದಿದ್ದಾರೆ. ಚರ್ಚ್ ಅವರ 1940ರ ಟೈಪ್ ಪದ್ಧತಿಯಲ್ಲಿ ಬರೆದ ಪ್ರತಿ ಲ್ಯಾಂಬ್ಡಾ ಪದವೂ ಸರಳವಾಗುತ್ತ ಹೋಗಿ ಕೊನೆ ಮುಟ್ಟಬಲ್ಲದು ಎಂಬ ಸಾಧನೆ ಅದು. ಈಗ ಹೋವರ್ಡ್ ಅವರ ನಿಘಂಟು ಹಿಡಿದು ಆ ವಾಕ್ಯವನ್ನು ತರ್ಕದ ಮಾತಿಗೆ ತಿರುಗಿಸಿ: ‘ಇದ್ದರೆ’ ಎಂಬ ಸಂಬಂಧವಿರುವ ಪ್ರತಿ ಸಾಧನೆಯ ಸುತ್ತುದಾರಿಗಳನ್ನೂ ತೆಗೆದು ಮುಗಿಸಬಹುದು. ಗೆಂಟ್ಸೆನ್ ಕೈಬರಹದಲ್ಲಿ ಇದ್ದದ್ದರ ತಿರುಳು ಇದೇ. ಒಬ್ಬರು ತರ್ಕದಲ್ಲಿ ಸಾಧಿಸಿ ಅಚ್ಚು ಮಾಡಲಿಲ್ಲ, ಇನ್ನೊಬ್ಬರು ಗಣನೆಯಲ್ಲಿ ಸಾಧಿಸಿ ಅಚ್ಚು ಮಾಡಲಿಲ್ಲ, ಎರಡೂ ಒಂದೇ ಎಂದು ಕಂಡವರು ಹನ್ನೊಂದು ವರ್ಷ ಅಚ್ಚು ಮಾಡಲಿಲ್ಲ.

ಆಮೇಲಿನದು ಬೇಗ ಹೇಳಬಹುದಾದ ಕಥೆ, ದಾಖಲೆಗಳು ಹೇರಳವಾಗಿವೆ. ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಡಿ ಬ್ರೈನ್ ಹೋವರ್ಡ್ ಅವರ ಟಿಪ್ಪಣಿಯ ಸಹಾಯವಿಲ್ಲದೆ 1967ರಿಂದಲೇ ಆಟೊಮ್ಯಾತ್ ಎಂಬ ಭಾಷೆ ಕಟ್ಟುತ್ತಿದ್ದರು. ಗಣಿತದ ಸಾಧನೆಯನ್ನು ಬರೆದುಕೊಟ್ಟರೆ ಯಂತ್ರ ಅದನ್ನು ಸಾಲು ಸಾಲಾಗಿ ಪರೀಕ್ಷಿಸುತ್ತಿತ್ತು. ಅವರ ಶಿಷ್ಯ ವಾನ್ ಬೆಂಥೆಮ್ ಯುಟಿಂಗ್ ಲಾಂಡೌ ಅವರ ಗಣಿತ ವಿಶ್ಲೇಷಣೆಯ ತಳಪಾಯದ ಪುಸ್ತಕವನ್ನು ಪೂರ್ತಿಯಾಗಿ ಅದಕ್ಕೆ ತಿರುಗಿಸಿದರು. ಸ್ವೀಡನ್ನಿನ ಪೆರ್ ಮಾರ್ಟಿನ್-ಲೋಫ್ 1968–69ರಲ್ಲಿ ಶಿಕಾಗೊದಲ್ಲಿದ್ದಾಗ ಹೋವರ್ಡ್ ಜೊತೆ ಚರ್ಚಿಸಿದವರು. ಅವರು 1971ರಲ್ಲಿ ಕಟ್ಟಿದ ಮೊದಲ ಪದ್ಧತಿಯಲ್ಲಿ ಟೈಪ್‌ಗಳೆಲ್ಲ ಸೇರಿ ತಾವೇ ಒಂದು ಟೈಪ್ ಆಗಬಹುದಿತ್ತು. ಫ್ರಾನ್ಸಿನ ಜಿರಾರ್ ಅದರಲ್ಲಿ ವೈರುಧ್ಯ ತೋರಿಸಿದರು. ಚರ್ಚ್ ಅವರಿಗೆ ಆದದ್ದೇ ಇವರಿಗೂ ಆಯಿತು, ಇವರೂ ತಿದ್ದಿಕೊಂಡು ಮುಂದೆ ನಡೆದರು. ತರ್ಕದವರಾದ ಜಿರಾರ್ 1972ರಲ್ಲಿ ಒಂದು ಪದ್ಧತಿ ಕಟ್ಟಿದರೆ, ಪ್ರೋಗ್ರಾಮಿಂಗ್‌ನವರಾದ ಅಮೆರಿಕದ ರೆನಾಲ್ಡ್ಸ್ ಅದನ್ನು ನೋಡದೆಯೇ 1974ರಲ್ಲಿ ಅದನ್ನೇ ಕಟ್ಟಿದರು. ಅಲ್ಲಿಯವರೆಗೆ ಸಾಕ್ಷಿ ಕೈಗಿಡುವ ತರ್ಕಕ್ಕೆ ಮಾತ್ರ ಈ ಸಂಬಂಧ ಎಂದು ತಿಳಿದಿದ್ದವರಿಗೆ 1990ರಲ್ಲಿ ಟಿಮೊತಿ ಗ್ರಿಫಿನ್ ಇನ್ನೊಂದು ಬಾಗಿಲು ತೆರೆದರು. ಹಳೆಯ ತರ್ಕದ ‘ಹೌದು, ಇಲ್ಲವೇ ಅಲ್ಲ’ ಎಂಬ ನಿಯಮಕ್ಕೂ ಪ್ರೋಗ್ರಾಮಿನಲ್ಲಿ ಜೋಡಿಯಿದೆ, ನಡೆಯುತ್ತಿರುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹಿಂದಿನ ಒಂದು ಜಾಗಕ್ಕೆ ಹಾರುವ ಆದೇಶವೇ ಅದು ಎಂದು ತೋರಿಸಿದರು.

ಫ್ರಾನ್ಸಿನಲ್ಲಿ ಕೊಕಾನ್ ಮತ್ತು ಹುಯೆ 1984ರ ಸುಮಾರಿಗೆ ಶುರುಮಾಡಿದ ‘ಕಾಕ್’ ಎಂಬ ತಂತ್ರಾಂಶದಲ್ಲಿ ಜಾರ್ಜ್ ಗೊಂಟಿಯೆ 2005ರ ಹೊತ್ತಿಗೆ ನಾಲ್ಕು ಬಣ್ಣದ ಪ್ರಮೇಯದ ಸಾಧನೆಯನ್ನು ಪೂರ್ತಿಯಾಗಿ ಬರೆದು ಯಂತ್ರದಿಂದ ಪರೀಕ್ಷಿಸಿದರು. ಪಕ್ಕಪಕ್ಕದ ಪ್ರದೇಶಗಳಿಗೆ ಒಂದೇ ಬಣ್ಣ ಬಾರದಂತೆ ಯಾವ ನಕ್ಷೆಯನ್ನೂ ನಾಲ್ಕೇ ಬಣ್ಣದಲ್ಲಿ ತುಂಬಬಹುದು ಎಂಬ ಆ ಪ್ರಮೇಯದ 1976ರ ಸಾಧನೆಯಲ್ಲಿ ಕಂಪ್ಯೂಟರ್ ಮಾಡಿದ ಲೆಕ್ಕಗಳಿದ್ದವು. ಅದನ್ನು ಕೈಯಿಂದ ಪರೀಕ್ಷಿಸಲಾಗದೆ ಗಣಿತಜ್ಞರು ಅಸಮಾಧಾನದಲ್ಲಿದ್ದರು. ಈಗ ‘ಲೀನ್’ ಎಂಬ ಇನ್ನೊಂದು ಭಾಷೆಯೂ ಬಳಕೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದಲ್ಲಿ ಸಾಧನೆಗಳು ಮತ್ತು ಪ್ರೋಗ್ರಾಂಗಳು ಎಂಬ ಹೆಸರಿನ ಪಾಠವೇ ಅದನ್ನು ಹಿಡಿದು ನಡೆದಿದೆ. ಇವುಗಳಲ್ಲಿ ಸಾಧನೆ ಬರೆದು ಗುಂಡಿ ಒತ್ತಿದಾಗ ಒಳಗೆ ನಡೆಯುವುದು, ಪ್ರೋಗ್ರಾಮಿನ ಟೈಪ್ ಸರಿಯಿದೆಯೇ ಎಂಬ ಪರೀಕ್ಷೆ. ಹೋವರ್ಡ್ ಅವರ ಹನ್ನೆರಡು ಪುಟ ಅಲ್ಲಿ ಪ್ರತಿದಿನ ಓಡುತ್ತಿದೆ.

ಗೆಂಟ್ಸೆನ್ ಬರೆದ ಕಟ್ಟಿಗೆ ಜ್ಯೂರಿಕ್ ಗ್ರಂಥಾಲಯ ಕೊಟ್ಟ ಸಂಖ್ಯೆ ‘ಎಚ್‌ಎಸ್ 974: 271’. 1977ರಲ್ಲಿ ಬರ್ನೈಸ್ ತೀರಿಕೊಂಡ ಮೇಲೂ ಯಾರೋ ಅದನ್ನು ಎಸೆಯದೆ, ಒಂದು ಸಂಖ್ಯೆ ಬರೆದು ಜೋಪಾನ ಮಾಡಿದ್ದರಿಂದ ಮಾತ್ರ ಈ ಕಥೆ ನಮಗೆ ತಿಳಿಯಿತು. ನಿಮ್ಮ ಕಾಲೇಜಿನಲ್ಲಿ, ನಿಮ್ಮ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಕಪಾಟು ಖಾಲಿ ಮಾಡುವ ದಿನ ಬಂದರೆ, ಕಟ್ಟು ಬಿಚ್ಚಿ ನೋಡದೆ ರದ್ದಿಗೆ ಹಾಕಬೇಡಿ. ಬರೆದವರು ಯಾರು, ಯಾವ ಇಸವಿ, ಏನು ವಿಷಯ ಎಂಬಷ್ಟನ್ನಾದರೂ ಒಂದು ಹಾಳೆಯ ಮೇಲೆ ಬರೆದು, ಕಟ್ಟಿನ ಮೇಲಿಟ್ಟು, ಹತ್ತಿರದ ಗ್ರಂಥಾಲಯಕ್ಕೆ ಕೊಡಿ.